ಹೊಳೆಯಲ್ಲಿ ಈಜಿದವರು ಕಡಲಿಗೆ ಇಳಿಯುವ ಮುನ್ನ: ಮೂಲ್ಕಿ ಸರ್ಫಿಂಗ್ ಪ್ರವಾಸ ಮತ್ತು ಕೆಲವು ಫಾರ್ವರ್ಡ್‌ಗಳು

ಶನಿವಾರ ಬೆಳಿಗ್ಗೆ ಗುಂಡ್ಯ ಜಂಕ್ಷನ್‌ನಲ್ಲಿ ಚಹಾ ಕುಡಿಯುತ್ತ ನಿಂತರೆ ಶಿರಾಡಿ ಘಾಟಿ ಇಳಿದು ಬರುವ ಕಾರುಗಳು ಕಾಣುತ್ತವೆ. ಕೆಲವು ಎಡಕ್ಕೆ ಸುಬ್ರಹ್ಮಣ್ಯದ ರಸ್ತೆ ಹಿಡಿಯುತ್ತವೆ, ಉಳಿದವು ನೇರ ಮಂಗಳೂರಿನ ಕಡೆಗೆ. ದೇವಸ್ಥಾನ, ಬೀಚ್, ಮೀನೂಟ ಎಂಬ ಹಳೆಯ ಪಟ್ಟಿಗೆ ಈಚೆಗೆ ಸರ್ಫಿಂಗ್ ಸೇರಿಕೊಂಡಿದೆ. ಮೂಲ್ಕಿಯ ಅಲೆಯ ಮೇಲೆ ಹಲಗೆ ಹಿಡಿದು ನಿಂತವರ ರೀಲ್ ನೋಡಿದ ಮಕ್ಕಳು ‘ನಾವೂ ಹೋಗೋಣ’ ಎನ್ನುತ್ತಾರೆ. ಬೆಂಗಳೂರಿನವರು ಮಾತ್ರವಲ್ಲ, ಕಡಬ, ಸುಳ್ಯ, ಪುತ್ತೂರಿನ ಮನೆಗಳಲ್ಲೂ ಇದೇ ಮಾತು. ಗುಂಡ್ಯದಿಂದ ಮಂಗಳೂರಿಗೆ ಸುಮಾರು 80 ಕಿಲೋಮೀಟರ್, ಅಲ್ಲಿಂದ ಮೂಲ್ಕಿಗೆ ಇನ್ನೊಂದು 30. ದೂರವೇನೂ ಅಲ್ಲ.

ಪ್ರವಾಸದ ಮಾತು ಶುರುವಾದ ಕೂಡಲೇ ಫ್ಯಾಮಿಲಿ ಗ್ರೂಪಿನಲ್ಲಿ ಸಲಹೆಗಳೂ ಬರತೊಡಗುತ್ತವೆ. ಅಮಾವಾಸ್ಯೆ ದಿನ ಹೋಗಬೇಡಿ, ಅಲೆ ಇಲ್ಲದ ಜಾಗ ನೋಡಿ ಇಳಿಯಿರಿ, ಹೊಳೆಯಲ್ಲಿ ಈಜು ಬಂದರೆ ಕಡಲು ಇನ್ನೂ ಸುಲಭ, ಯಾರಾದರೂ ಮುಳುಗಿದರೆ ಹೊಟ್ಟೆ ಒತ್ತಿ ನೀರು ತೆಗೆಯಿರಿ. ಇವುಗಳಲ್ಲಿ ಒಂದು ಅರ್ಧ ಸತ್ಯ, ಎರಡು ನಿಜಕ್ಕೂ ಜೀವಕ್ಕೆ ಅಪಾಯ, ಇನ್ನೊಂದು ಬದುಕಬಹುದಾದವರನ್ನು ಕೊಲ್ಲಬಲ್ಲದು. ಯಾವುದು ಯಾವುದು ಎಂದು ನೋಡೋಣ.

ಮೂಲ್ಕಿಗೆ ಸರ್ಫಿಂಗ್ ಬಂದದ್ದು

ಇದು ರೀಲ್‌ನಿಂದ ಹುಟ್ಟಿದ ಹೊಸ ಫ್ಯಾಷನ್ ಅಲ್ಲ. ಅಮೆರಿಕ ಮೂಲದ ಜಾಕ್ ಹೆಬ್ನರ್ ಮೂಲ್ಕಿಯಲ್ಲಿ ಆಶ್ರಮ ಮಾಡಿಕೊಂಡು ನೆಲೆಸಿದವರು. ‘ಸರ್ಫಿಂಗ್ ಸ್ವಾಮಿ’ ಎಂದೇ ಅವರು ಪ್ರಸಿದ್ಧರು. ಅವರು 2004ರಲ್ಲಿ ಆರಂಭಿಸಿದ ಮಂತ್ರ ಸರ್ಫ್ ಕ್ಲಬ್ಬನ್ನು ದೇಶದ ಮೊದಲ ಸರ್ಫ್ ಕ್ಲಬ್ ಎಂದು ಗುರುತಿಸಲಾಗುತ್ತದೆ. 2016ರ ಮೇ ಕೊನೆಯಲ್ಲಿ ಮೂಲ್ಕಿ ಪಕ್ಕದ ಸಸಿಹಿತ್ಲು ಬೀಚ್‌ನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ನಂತರದ ವರ್ಷಗಳಲ್ಲಿ ಪಣಂಬೂರು, ತಣ್ಣೀರುಬಾವಿಯಲ್ಲೂ ನಡೆದಿದೆ. ಟೋಕಿಯೊದಿಂದೀಚೆಗೆ ಸರ್ಫಿಂಗ್ ಒಲಿಂಪಿಕ್ಸ್‌ನಲ್ಲೂ ಇದೆ. ಉಡುಪಿ ಕಡೆಗೆ ಹೋದರೆ ಕೋಡಿ ಬೇಂಗ್ರೆಯಲ್ಲೂ ಕಲಿಸುವವರಿದ್ದಾರೆ.

ಇಲ್ಲಿ ಒಂದು ಸಂಗತಿ ಗಮನಿಸಿ. ದೊಡ್ಡ ಸ್ಪರ್ಧೆಗಳನ್ನು ಮೇ ಕೊನೆ, ಜೂನ್ ಆರಂಭಕ್ಕೆ ಇಡುವುದು ಸುಮ್ಮನೆ ಅಲ್ಲ. ಮುಂಗಾರು ಹತ್ತಿರವಾದಂತೆ ಅರಬ್ಬಿ ಸಮುದ್ರದಲ್ಲಿ ಅಲೆ ಏಳುತ್ತದೆ, ಪಳಗಿದ ಸರ್ಫರ್‌ಗಳಿಗೆ ಅದೇ ಬೇಕು. ನೀವು ರೀಲ್‌ನಲ್ಲಿ ನೋಡುವ ರೋಚಕ ಅಲೆಗಳಲ್ಲಿ ಬಹಳಷ್ಟು ಆ ದಿನಗಳವು. ನೋಡುವುದಕ್ಕೆ ಅದು ಸರಿಯಾದ ಕಾಲ, ಕಲಿಯುವುದಕ್ಕೆ ತಪ್ಪು ಕಾಲ. ಶಾಲೆಗೆ ರಜೆ ಇದೆ ಎಂದು ಮೇ ಕೊನೆಯ ವಾರಕ್ಕೆ ಬುಕ್ ಮಾಡುವವರು ಈ ವ್ಯತ್ಯಾಸವನ್ನು ಗಮನಿಸಿರುವುದಿಲ್ಲ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ಅಲೆಯ ಎತ್ತರ 3 ಮೀಟರ್ ದಾಟುತ್ತದೆ. ಉಳಿದ ತಿಂಗಳುಗಳಲ್ಲಿ ಬಹುಪಾಲು ಒಂದು ಮೀಟರ್ ಆಸುಪಾಸು, ಅಥವಾ ಅದಕ್ಕೂ ಕಡಿಮೆ. ಮೂರು ಪಟ್ಟು ಎತ್ತರ ಎಂದರೆ ಮೂರು ಪಟ್ಟು ಬಲ ಎಂದುಕೊಳ್ಳಬೇಡಿ. ಅಲೆಯಲ್ಲಿರುವ ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಒಂದು ಘನ ಮೀಟರ್ ಸಮುದ್ರದ ನೀರಿನ ತೂಕವೇ ಸುಮಾರು 1,025 ಕಿಲೋ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಕಡಲಿಗಿಳಿಯಲು ನಿಷೇಧ ಇರುತ್ತದೆ. ಅದರ ಮುಖ್ಯ ಉದ್ದೇಶ ಮೀನಿನ ಸಂತಾನ ಕಾಪಾಡುವುದು. ಆದರೂ ಕಡಲನ್ನೇ ನಂಬಿ ಬದುಕುವವರು ದೋಣಿ ಮೇಲೆಳೆದು ಕೂತ ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ನಾವು ಇಳಿಯುವುದರಲ್ಲಿ ಅರ್ಥವಿಲ್ಲ.

ಹಾಗಾಗಿ ಹೊಸಬರ ಕುಟುಂಬಕ್ಕೆ ದಸರಾ ರಜೆಯ ನಂತರದಿಂದ ಏಪ್ರಿಲ್‌ವರೆಗಿನ ಸಮಯ ಒಳ್ಳೆಯದು. ಅಕ್ಟೋಬರ್ ಮೊದಲ ಭಾಗದಲ್ಲಿ ಹೊರಡುವುದಾದರೆ ಕಲಿಸುವವರಿಗೆ ಮುಂಚೆಯೇ ಫೋನ್ ಮಾಡಿ ಅಲೆ ಹೇಗಿದೆ ಎಂದು ಕೇಳಿ. ದಿನದಲ್ಲಿ ಬೆಳಗಿನ ಹೊತ್ತೇ ಉತ್ತಮ. ಬೇಸಿಗೆಯ ದಿನಗಳಲ್ಲಿ ಮಧ್ಯಾಹ್ನದ ನಂತರ ಕಡಲಗಾಳಿ ಬಲವಾಗಿ ನೀರು ಕದಡುತ್ತದೆ, ಅಲೆ ಅಡ್ಡಾದಿಡ್ಡಿಯಾಗುತ್ತದೆ. ಗುಂಡ್ಯದಿಂದ ಬೆಳಿಗ್ಗೆ ಹೊರಟರೆ ಹೆದ್ದಾರಿ ಕಾಮಗಾರಿ, ಬಿ.ಸಿ. ರೋಡ್, ಮಂಗಳೂರಿನ ಟ್ರಾಫಿಕ್ ಎಲ್ಲ ದಾಟಿ ತಲುಪುವಾಗ ಒಳ್ಳೆಯ ಹೊತ್ತು ಮುಗಿದಿರುತ್ತದೆ. ಹಿಂದಿನ ಸಂಜೆಯೇ ಹೋಗಿ ಉಳಿಯುವುದು ವಾಸಿ.

‘ಹೊಳೆಯಲ್ಲಿ ಈಜಿದವನಿಗೆ ಕಡಲೇನು?’

ನಮ್ಮ ಕಡೆಯವರಿಗೆ ಅತಿ ಅಪಾಯದ ನಂಬಿಕೆ ಇದು, ಯಾಕೆಂದರೆ ಇದರಲ್ಲಿ ಸ್ವಲ್ಪ ನಿಜವಿದೆ. ಗುಂಡ್ಯ ಹೊಳೆ, ಕುಮಾರಧಾರಾ, ಪಯಸ್ವಿನಿ ದಂಡೆಯ ಮಕ್ಕಳು ಈಜು ಕಲಿಯುವುದು ಕ್ಲಾಸಿಗೆ ಹೋಗಿ ಅಲ್ಲ, ಬೇಸಿಗೆಯಲ್ಲಿ ಹೊಳೆಯ ಗುಂಡಿಗೆ ಹಾರಿ. ಉಪ್ಪು ನೀರಿನ ಸಾಂದ್ರತೆ ಸಿಹಿ ನೀರಿಗಿಂತ ಶೇಕಡಾ ಎರಡೂವರೆಯಷ್ಟು ಹೆಚ್ಚಿರುವುದರಿಂದ ಕಡಲಲ್ಲಿ ತೇಲುವುದು ಒಂದಿಷ್ಟು ಸುಲಭ ಎಂಬುದೂ ಸರಿ.

ಆದರೆ ಹೊಳೆ ಕಲಿಸುವ ಪಾಠ ಬೇರೆ. ಹೊಳೆಯಲ್ಲಿ ಸೆಳೆತ ಒಂದೇ ದಿಕ್ಕಿಗೆ, ಕೆಳಗಿನ ಕಡೆಗೆ. ಎರಡೂ ಬದಿಗೆ ದಡ. ಯಾವ ಬಂಡೆ ಎಲ್ಲಿದೆ, ಯಾವ ಗುಂಡಿ ಎಷ್ಟು ಆಳ ಎಂಬುದು ಊರಿನವರಿಗೆಲ್ಲ ಗೊತ್ತು, ಅದು ಒಂದು ಬೇಸಿಗೆಯ ಮಟ್ಟಿಗೆ ಬದಲಾಗುವುದೂ ಇಲ್ಲ. ಮುಖ್ಯವಾಗಿ, ಹೊಳೆಯಲ್ಲಿ ಶಾಂತವಾಗಿ ಕಾಣುವ ನೀರು ಎಂದರೆ ಸೆಳೆತ ಕಡಿಮೆ ಇರುವ ಮಡು. ಕಲ್ಲುಗಳ ನಡುವೆ ಬಿಳಿ ನೊರೆ ಎದ್ದಲ್ಲಿ ಅಪಾಯ. ಇಷ್ಟು ಸಣ್ಣಂದಿನಿಂದ ಮೈಗೆ ಹತ್ತಿರುತ್ತದೆ.

ಕಡಲ ತೀರದಲ್ಲಿ ಈ ಲೆಕ್ಕ ತಿರುಗುಮುರುಗು.

ಶಾಂತವಾಗಿ ಕಾಣುವ ಜಾಗವೇ ಬಾಗಿಲು

ಅಲೆಗಳು ಒಂದರ ಹಿಂದೆ ಒಂದು ದಡಕ್ಕೆ ನೀರು ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ವಾಪಸ್ ಹೋಗಲೇಬೇಕು. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ದಿಬ್ಬ ಇರುತ್ತದೆ. ಅಲೆ ಒಡೆಯುವುದು ಅದರ ಮೇಲೆಯೇ. ದಿಬ್ಬದಲ್ಲಿ ಎಲ್ಲಾದರೂ ತಗ್ಗು ಇದ್ದರೆ, ಸುತ್ತಲಿನ ನೀರೆಲ್ಲ ಅಲ್ಲಿಗೆ ಸೇರಿ ತೋಡಿನಂತೆ ಕಡಲ ಕಡೆಗೆ ಹರಿಯುತ್ತದೆ. ಇದೇ ರಿಪ್ ಕರೆಂಟ್, ನಮ್ಮ ಮಾತಿನಲ್ಲಿ ಕಡಲ ಸೆಳೆತ. ತಗ್ಗಿನಲ್ಲಿ ನೀರು ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಎರಡೂ ಬದಿಗೆ ಬಿಳಿ ನೊರೆ, ನಡುವೆ ಸ್ವಲ್ಪ ಗಾಢ ಬಣ್ಣದ, ಅಲೆಯಿಲ್ಲದ ಪಟ್ಟಿ. ಮಗುವನ್ನು ಎತ್ತಿಕೊಂಡ ತಾಯಿಗೆ ‘ಇಲ್ಲಿ ನೀರು ಶಾಂತವಾಗಿದೆ’ ಅನಿಸುವುದು ಅಲ್ಲೇ. ಕಡಲು ಒಳಕ್ಕೆ ಒಯ್ಯುವುದೂ ಅಲ್ಲೇ.

ಸೆಳೆತದ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಒಂದೆರಡು ಅಡಿ. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ಅದು ಸೆಕೆಂಡಿಗೆ 8 ಅಡಿವರೆಗೂ ಹೋಗಬಲ್ಲದು, ಅಂದರೆ ಒಲಿಂಪಿಕ್ ಈಜುಗಾರನ ಅತಿ ವೇಗಕ್ಕೂ ಸಮ. ಅದಕ್ಕೆದುರಾಗಿ ಈಜಿದರೆ ಯಾರೂ ಗೆಲ್ಲುವುದಿಲ್ಲ. ಹೊಳೆಯ ಈಜುಗಾರ ಸೋಲುವುದು ಇಲ್ಲಿ. ದಡ ಎದುರಿಗೇ ಕಾಣುತ್ತದೆ, ತೋಳಿನಲ್ಲಿ ಬಲವಿದೆ, ನೇರ ದಡಕ್ಕೇ ಈಜುತ್ತಾನೆ. ಐದು ನಿಮಿಷದಲ್ಲಿ ಸುಸ್ತು. ಸಾಯಿಸುವುದು ಸೆಳೆತವಲ್ಲ, ಆ ಸುಸ್ತು ಮತ್ತು ಗಾಬರಿ.

‘ಕಡಲು ಕಾಲು ಹಿಡಿದು ಕೆಳಗೆ ಎಳೆಯುತ್ತದೆ’ ಎಂಬ ಮಾತೂ ಇದರೊಂದಿಗೆ ಬರುತ್ತದೆ. ಅದು ತಪ್ಪು. ರಿಪ್ ಕರೆಂಟ್ ಕೆಳಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸಾಮಾನ್ಯವಾಗಿ ಅಲೆ ಒಡೆಯುವ ಸಾಲಿನಿಂದ ಸ್ವಲ್ಪ ಆಚೆಗೆ ಅದರ ಬಲ ಮುಗಿಯುತ್ತದೆ. ಕೆಲವು ಸೆಳೆತಗಳು ಸುತ್ತು ಹಾಕಿ ಮತ್ತೆ ಅಲೆ ಒಡೆಯುವ ಕಡೆಗೇ ತಂದುಬಿಡುತ್ತವೆ. ಇಷ್ಟು ತಿಳಿದಿದ್ದರೆ ಏನು ಮಾಡಬೇಕು ಎಂಬುದು ತಾನಾಗಿ ಅರ್ಥವಾಗುತ್ತದೆ. ಮೊದಲು ಎದುರಿಸಬೇಡಿ. ಅಂಗಾತ ಮಲಗಿ, ತಲೆ ಹಿಂದಕ್ಕೆ ವಾಲಿಸಿ, ಕಿವಿ ನೀರಿನಲ್ಲಿ ಮುಳುಗುವಂತೆ ಇಟ್ಟು ತೇಲಿ. ಕೈ ಕಾಲು ನಿಧಾನ ಆಡಿಸಿ ಉಸಿರು ಹತೋಟಿಗೆ ತನ್ನಿ. ಒಂದು ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ, ನೊರೆ ಕಾಣುವ ಕಡೆಗೆ ಈಜಿ. ನೊರೆಯ ಅಲೆಯೇ ನಿಮ್ಮನ್ನು ದಡಕ್ಕೆ ತಳ್ಳುತ್ತದೆ.

ಬ್ರಿಟನ್‌ನಲ್ಲಿ ಸಂಬಂಧಿಕರಿರುವವರಿಗೆ ಕಾರ್ನ್‌ವಾಲ್‌ನ ಸರ್ಫಿಂಗ್ ಫೋಟೋ ಬಂದಿರಬಹುದು. ಅಲ್ಲಿನ ಜೀವರಕ್ಷಕ ಸಂಸ್ಥೆ ಆರ್‌ಎನ್‌ಎಲ್‌ಐ ‘ಬದುಕಲು ತೇಲಿ’ ಎಂದು ವರ್ಷಗಳಿಂದ ಪ್ರಚಾರ ಮಾಡುತ್ತಿರುವುದು ಈ ಅಂಗಾತ ಮಲಗುವ ವಿದ್ಯೆಯನ್ನೇ. ಅಲ್ಲಿಯ ಇತರ ಸಲಹೆಗಳನ್ನು ಹಾಗೆಯೇ ಇಲ್ಲಿಗೆ ತರಬೇಡಿ. ಅಲ್ಲಿ ಬೇಸಿಗೆಯಲ್ಲೂ ನೀರು ತಣ್ಣಗೆ, ವೆಟ್‌ಸೂಟ್ ಬೇಕು. ನಮ್ಮ ಕಡಲು ಬೆಚ್ಚಗಿದೆ, ಉದ್ದ ತೋಳಿನ ಮೈಗೆ ಅಂಟುವ ಬಟ್ಟೆ ಸಾಕು, ಅದೂ ಬಿಸಿಲು ಮತ್ತು ಹಲಗೆಯ ಉಜ್ಜುವಿಕೆಗಾಗಿ. ಅಲ್ಲಿಯ ತೀರದಲ್ಲಿ ಬಾವುಟಗಳ ಭಾಷೆ ಇದೆ: ಕೆಂಪು-ಹಳದಿ ಬಾವುಟಗಳ ನಡುವೆ ಈಜುವವರು, ಕಪ್ಪು-ಬಿಳಿ ಚೌಕದ ಬಾವುಟಗಳ ನಡುವೆ ಸರ್ಫ್ ಹಲಗೆಯವರು. ಇಬ್ಬರನ್ನೂ ಬೇರೆ ಇಡುವುದು ಯಾಕೆಂದರೆ ಹಲಗೆ ತಲೆಗೆ ಬಡಿದರೂ ಜೀವ ಹೋಗುತ್ತದೆ. ನಮ್ಮಲ್ಲಿ ಎಲ್ಲ ಕಡೆ ಹಾಗೆ ಗುರುತಿರುವುದಿಲ್ಲ. ನೀವೇ ದೂರ ಇರಬೇಕು. ಕೆಂಪು ಬಾವುಟದ ಅರ್ಥ ಮಾತ್ರ ಎರಡೂ ಕಡೆ ಒಂದೇ, ಇಳಿಯಬೇಡಿ.

ಈಗ ವಿಚಿತ್ರ ಅನಿಸುವ ವಿಷಯ. ಕಡಲಿಗೆ ಮೊದಲ ಸಲ ಇಳಿಯುವ ಕುಟುಂಬಕ್ಕೆ ಸುಮ್ಮನೆ ಸ್ನಾನಕ್ಕೆ ಇಳಿಯುವುದಕ್ಕಿಂತ ಒಬ್ಬ ಒಳ್ಳೆಯ ಕಲಿಸುವವನ ಜೊತೆ ಸರ್ಫಿಂಗ್ ಪಾಠವೇ ಹೆಚ್ಚು ಸುರಕ್ಷಿತ ಎನ್ನುವುದು ನನ್ನ ಅಭಿಪ್ರಾಯ. ಹೊಸಬರಿಗೆ ಪಾಠ ನಡೆಯುವುದು ಸೊಂಟಮಟ್ಟದ ನೀರಿನಲ್ಲಿ, ಒಡೆದು ಬರುವ ನೊರೆಯ ಅಲೆಯಲ್ಲಿ. ನೋಡಲು ಭಯ, ಆದರೆ ಆ ಅಲೆ ತಳ್ಳುವುದು ದಡದ ಕಡೆಗೆ. ಕೈಯಲ್ಲಿ ತೇಲುವ ಹಲಗೆ ಇದೆ. ಅದು ಹಗ್ಗದಿಂದ ಕಾಲಿಗೆ ಕಟ್ಟಿರುತ್ತದೆ. ಪಕ್ಕದಲ್ಲಿ ಆ ತೀರವನ್ನು ದಿನವೂ ನೋಡುವ ಮನುಷ್ಯ ಇದ್ದಾನೆ. ಇವೆಲ್ಲ ಇಲ್ಲದೆ ‘ಶಾಂತ’ ಪಟ್ಟಿಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದ ಕುಟುಂಬವೇ ಹೆಚ್ಚು ಅಪಾಯದಲ್ಲಿದೆ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅದು ಮಳೆಗಾಲವಲ್ಲ, ಕಡಲು ಒಟ್ಟಾರೆ ಶಾಂತವಾಗಿರುವ ತಿಂಗಳು.

ಹಣ ಕೊಡುವ ಮುಂಚೆ ಕಲಿಸುವವರನ್ನು ನಾಲ್ಕು ಮಾತು ಕೇಳಿ. ಅಂತರರಾಷ್ಟ್ರೀಯ ಸರ್ಫಿಂಗ್ ಸಂಸ್ಥೆಯ ತರಬೇತಿ ಪ್ರಮಾಣಪತ್ರ ಇದೆಯೇ, ಒಬ್ಬರಿಗೆ ಎಷ್ಟು ಮಂದಿಯನ್ನು ಒಪ್ಪಿಸುತ್ತೀರಿ, ಮಕ್ಕಳಿಗೆ ಬೇರೆ ಕಲಿಸುವವರಿದ್ದಾರೆಯೇ, ಹಲಗೆ ಮೆತ್ತನೆಯದೇ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ. ‘ಅಲೆ ಜಾಸ್ತಿ ಇದ್ದರೆ ಏನು ಮಾಡುತ್ತೀರಿ’ ಎಂದು ಕೇಳಿ. ‘ಕ್ಯಾನ್ಸಲ್ ಮಾಡುತ್ತೇವೆ’ ಎಂದು ತಡವರಿಸದೆ ಹೇಳುವವರ ಬಳಿ ಹೋಗಿ. ಮನೆಯಲ್ಲಿ ಯಾರಿಗಾದರೂ ಮೂರ್ಛೆ ರೋಗ, ಹೃದಯದ ತೊಂದರೆ, ಉಬ್ಬಸ ಇದ್ದರೆ ನೀವೇ ಮೊದಲು ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ.

ಅಳಿವೆ ಬಾಗಿಲಿನ ವಿಷಯ

ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ ಹೊಳೆಗಳು ಕೂಡಿ ಕಡಲು ಸೇರುತ್ತವೆ. ಹೊಳೆ ತಂದ ಮರಳಿನ ದಿಬ್ಬದಿಂದಾಗಿ ಅಳಿವೆಯ ಬಳಿ ಸರ್ಫಿಂಗ್‌ಗೆ ಬೇಕಾದ ಅಲೆ ಏಳುತ್ತದೆ. ಅದೇ ಕಾರಣಕ್ಕೆ ಅಳಿವೆ ಬಾಗಿಲು ಹೊಸಬರು ಸ್ವಂತವಾಗಿ ಇಳಿಯುವ ಜಾಗ ಅಲ್ಲ. ಇಳಿತದ ಹೊತ್ತಿಗೆ ಹೊಳೆಯ ನೀರು, ಉಬ್ಬರದಲ್ಲಿ ಒಳಗೆ ಬಂದ ಕಡಲ ನೀರು ಎರಡೂ ಒಟ್ಟಿಗೆ ಆ ಇಕ್ಕಟ್ಟಿನಿಂದ ಹೊರಗೆ ನುಗ್ಗುತ್ತವೆ. ಮೇಲ್ನೋಟಕ್ಕೆ ಅದು ನಮ್ಮೂರ ಹೊಳೆಯಂತೆಯೇ ಕಾಣುವುದರಿಂದ ನಮ್ಮವರಿಗೆ ಅಲ್ಲಿ ಧೈರ್ಯ ಜಾಸ್ತಿ.

ಗುಂಡ್ಯದಲ್ಲಿ ಬಿದ್ದ ಮಳೆ ಕುಮಾರಧಾರಾ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕೂಡಿ, ಮಂಗಳೂರಿನ ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ಕರಾವಳಿಯ ಉಳಿದ ಹೊಳೆಗಳದ್ದೂ ಇದೇ ಕಥೆ. ಮಂಗಳೂರಿನಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಜೋರು ಮಳೆಯಾಗಿದ್ದರೆ ಅಳಿವೆಯ ಸುತ್ತ ನೀರು ಕೆಂಪಗೆ, ಮರದ ದಿಮ್ಮಿ ಕಸ ತೇಲುತ್ತ, ಬಲವಾಗಿ ಹರಿಯುತ್ತದೆ. ಘಟ್ಟದ ಬುಡದಲ್ಲಿ ಇರುವ ನಿಮಗೆ ಆ ಸುದ್ದಿ ಹವಾಮಾನ ಆ್ಯಪ್‌ಗಿಂತ ಮೊದಲು ಗೊತ್ತಾಗುತ್ತದೆ. ಅಂಥ ಮಳೆಯ ಮರುದಿನ ಅಳಿವೆಯ ಹತ್ತಿರ ಹೋಗಬೇಡಿ.

ಅಮಾವಾಸ್ಯೆ, ಹುಣ್ಣಿಮೆ, ಮತ್ತು ಬಿಸಿಲಲ್ಲಿ ಬರುವ ಕಳ್ಳ ಕಡಲು

ಅಮಾವಾಸ್ಯೆಯ ಮಾತು ಅರ್ಧ ಸತ್ಯ ಎಂದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಸುಮಾರಿಗೆ ಸೂರ್ಯ, ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಬಿದ್ದು ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಇದರಲ್ಲಿ ಮೂಢನಂಬಿಕೆ ಏನಿಲ್ಲ. ಆದರೆ ಮಂಗಳೂರಿನಲ್ಲಿ ಆ ದಿನಗಳ ಏರಿಳಿತ ಸುಮಾರು ಒಂದೂವರೆ ಮೀಟರ್ ಮಾತ್ರ. ಬ್ರಿಟನ್ನಿನ ಬ್ರಿಸ್ಟಲ್ ಕಾಲುವೆಯಲ್ಲಿ ಅದು 14 ಮೀಟರ್ ಆಸುಪಾಸು. ಅಲ್ಲಿ ಉಬ್ಬರದ ವೇಳಾಪಟ್ಟಿ ನೋಡದೆ ಹೋದರೆ ನಿಂತ ಮರಳೇ ಮಾಯ. ನಮ್ಮಲ್ಲಿ ಅಲೆಯ ಎತ್ತರ ನಿರ್ಧಾರವಾಗುವುದು ಗಾಳಿಯಿಂದ, ಚಂದ್ರನಿಂದಲ್ಲ. ಫಾರ್ವರ್ಡ್‌ನ ನಿಜವಾದ ತೊಂದರೆ ಅದು ಹೇಳದೆ ಬಿಟ್ಟ ಭಾಗದಲ್ಲಿದೆ. ‘ಅಮಾವಾಸ್ಯೆ ಅಲ್ಲವಲ್ಲ, ಇಳಿಯಬಹುದು’ ಎಂದು ಓದಿದವರು ಅಂದುಕೊಳ್ಳುತ್ತಾರೆ.

ಆಕಾಶ ಶುಭ್ರ, ಗಾಳಿ ಇಲ್ಲ, ಹಾಗಾದರೆ ಕಡಲೂ ಶಾಂತ ಎಂಬ ಲೆಕ್ಕವೂ ಕೆಲವೊಮ್ಮೆ ತಪ್ಪುತ್ತದೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, ಸಾವಿರಾರು ಕಿಲೋಮೀಟರ್ ಆಚೆ ಬಿರುಗಾಳಿ ಬೀಸಿದರೆ ಅಲ್ಲಿ ಎದ್ದ ಉದ್ದನೆಯ ಅಲೆಗಳು ದಿನಗಟ್ಟಲೆ ಪಯಣಿಸಿ ಕೇರಳ, ಕರ್ನಾಟಕದ ದಡಕ್ಕೆ ಬಂದು ಬಡಿಯುತ್ತವೆ. ಇಲ್ಲಿ ಗಾಳಿಯ ಸುಳಿವೂ ಇರುವುದಿಲ್ಲ. ಕೇರಳದ ಮೀನುಗಾರರು ಇದಕ್ಕೆ ‘ಕಳ್ಳಕ್ಕಡಲ್’, ಅಂದರೆ ಕಳ್ಳನಂತೆ ಬರುವ ಕಡಲು ಎನ್ನುತ್ತಾರೆ. ಆ ಪದವನ್ನೇ 2012ರಲ್ಲಿ ಯುನೆಸ್ಕೊ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಇಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ. ಎತ್ತರದ ಅಲೆಗಳ ಎಚ್ಚರಿಕೆ ಜಿಲ್ಲೆವಾರು ಬರುತ್ತದೆ. ಹೊರಡುವ ಹಿಂದಿನ ರಾತ್ರಿ ಪಂಚಾಂಗದ ಜೊತೆಗೆ ಅದನ್ನೂ ನೋಡಿ.

‘ಬ್ಲೂ ಫ್ಲ್ಯಾಗ್ ಬೀಚ್ ಅಂದರೆ ಭಯವಿಲ್ಲ’ ಎಂಬ ಮಾತಿಗೂ ಒಂದು ಸಾಲು. ನಮ್ಮ ರಾಜ್ಯದಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಆ ಮಾನ್ಯತೆ ಸಿಕ್ಕಿತು. ನೀರಿನ ಗುಣಮಟ್ಟ, ಸ್ವಚ್ಛತೆ, ಸೌಲಭ್ಯ, ಜೀವರಕ್ಷಕರ ವ್ಯವಸ್ಥೆ ನೋಡಿ ಕೊಡುವ ಗುರುತು ಅದು. ಕಡಲು ಇವತ್ತು ಹೇಗಿದೆ ಎಂಬುದನ್ನು ಅದು ಹೇಳುವುದಿಲ್ಲ.

ಟ್ಯೂಬ್ ಒಳ್ಳೆಯದಲ್ಲವೇ?

ಹೆದ್ದಾರಿ ಬದಿಯ ಅಂಗಡಿಯಲ್ಲಿ ತೂಗುಹಾಕಿದ ಗಾಳಿ ತುಂಬಿದ ಟ್ಯೂಬ್, ಬಾತುಕೋಳಿ ಆಕಾರದ ಆಟಿಕೆಗಳನ್ನು ಈಜುಕೊಳಕ್ಕೆ ಒಯ್ಯಿರಿ, ಕಡಲಿಗೆ ಬೇಡ. ಬೆಳಗಿನ ಹೊತ್ತು ನಮ್ಮ ತೀರದಲ್ಲಿ ಗಾಳಿ ನೆಲದಿಂದ ಕಡಲ ಕಡೆಗೆ ಬೀಸುತ್ತದೆ. ಸರ್ಫರ್‌ಗಳಿಗೆ ಅದು ಇಷ್ಟ, ಅಲೆ ನಯವಾಗುತ್ತದೆ. ಆದರೆ ಹಗುರ ಟ್ಯೂಬ್‌ಗೆ ಅದೇ ಗಾಳಿ ಹಾಯಿಯಂತೆ ಕೆಲಸ ಮಾಡಿ ಮಗುವನ್ನು ಸದ್ದಿಲ್ಲದೆ ಆಳಕ್ಕೆ ಒಯ್ಯುತ್ತದೆ. ಮಗು ನಗುತ್ತಲೇ ಇರುತ್ತದೆ, ನೀವು ಫೋಟೋ ತೆಗೆಯುತ್ತ ಇರುತ್ತೀರಿ. ಬೇಕಿದ್ದರೆ ಅಳತೆಗೆ ಸರಿಹೊಂದುವ, ಕ್ರೋಚ್ ಪಟ್ಟಿ ಇರುವ ಲೈಫ್ ಜಾಕೆಟ್ ಹಾಕಿ, ಹಾಗೂ ಕೈಗೆಟಕುವ ದೂರದಲ್ಲಿರಿ.

ಮುಳುಗುವವರು ಬೊಬ್ಬೆ ಹಾಕುವುದಿಲ್ಲ

ಸಿನಿಮಾದಲ್ಲಿ ಮುಳುಗುವವರು ಕೈ ಬಡಿದು ‘ಕಾಪಾಡಿ’ ಎಂದು ಕೂಗುತ್ತಾರೆ. ನಿಜದಲ್ಲಿ ಉಸಿರಿಗೇ ಬಾಯಿ ಸಾಲದಿರುವಾಗ ಕೂಗಲು ಗಾಳಿ ಇರುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತ, ಕೈಗಳು ಬದಿಗೆ ನೀರನ್ನು ಒತ್ತುತ್ತಿರುತ್ತವೆ. ದಡದಿಂದ ನೋಡಿದರೆ ಆಟವಾಡುತ್ತಿದ್ದಂತೆಯೇ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ತಕ್ಷಣ ನೋಡಿ. ಗುಂಪಿನಲ್ಲಿ ಹೋದಾಗ ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡುವುದಿಲ್ಲ. ಹದಿನೈದು ನಿಮಿಷಕ್ಕೊಬ್ಬರು ಫೋನ್ ಚೀಲದಲ್ಲಿಟ್ಟು ನೀರಿನ ಕಡೆಗೇ ಕಣ್ಣಿಟ್ಟು ಕೂರುವ ಸರದಿ ಮಾಡಿಕೊಳ್ಳಿ.

ಯಾರಾದರೂ ಸೆಳೆತಕ್ಕೆ ಸಿಕ್ಕಿದರೆ ಹಿಂದೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಅಣ್ಣ ತಮ್ಮ ಇಬ್ಬರೂ ಹೋದ ಸುದ್ದಿ ನಮ್ಮ ಹೊಳೆಗಳಲ್ಲೂ ಹೊಸದಲ್ಲ. ಜೀವರಕ್ಷಕರನ್ನು ಕೂಗಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಹಗ್ಗ, ಚೆಂಡು, ಹಲಗೆ, ತೇಲುವುದು ಏನಿದ್ದರೂ ಎಸೆಯಿರಿ. ಅವರತ್ತ ಬೆರಳು ತೋರಿಸುತ್ತ ಒಬ್ಬರು ನಿಂತಿರಲಿ, ಅಲೆಗಳ ನಡುವೆ ತಲೆ ಕ್ಷಣದಲ್ಲಿ ಕಣ್ಮರೆಯಾಗುತ್ತದೆ. ತುರ್ತಿಗೆ 112, ಕರ್ನಾಟಕ ಕರಾವಳಿ ಕಾವಲು ಪೊಲೀಸರಿಗೆ 1093, ತಟರಕ್ಷಣಾ ಪಡೆಗೆ 1554, ಆಂಬುಲೆನ್ಸ್‌ಗೆ 108.

ಹೊಟ್ಟೆ ಒತ್ತಬೇಡಿ

ಈ ಲೇಖನದಲ್ಲಿ ಒಂದೇ ಭಾಗ ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ. ನೀರಿನಿಂದ ಎತ್ತಿದವರ ಹೊಟ್ಟೆ ಒತ್ತುವುದು, ತಲೆಕೆಳಗೆ ಮಾಡಿ ತಿರುಗಿಸುವುದು, ಬೆನ್ನಿಗೆ ಗುದ್ದುವುದು ಹಳ್ಳಿಯಲ್ಲೂ ವಿಡಿಯೋಗಳಲ್ಲೂ ಇದೆ. ಹೊಟ್ಟೆ ಒತ್ತಿದಾಗ ಬಾಯಿಂದ ನೀರು ಬರುವುದು ನಿಜ, ಹಾಗಾಗಿಯೇ ಜನ ನಂಬುತ್ತಾರೆ. ಆದರೆ ಅದು ಜಠರದ ನೀರು. ಸಾಯಿಸುತ್ತಿರುವುದು ಜಠರದ ನೀರಲ್ಲ, ಮೆದುಳಿಗೆ ಆಮ್ಲಜನಕ ಇಲ್ಲದಿರುವುದು. ಒತ್ತಿದಾಗ ಮೇಲೆ ಬಂದ ನೀರು, ಊಟ ಶ್ವಾಸನಾಳಕ್ಕೆ ಇಳಿದು ಇದ್ದ ದಾರಿಯೂ ಮುಚ್ಚುತ್ತದೆ. ಅಮೂಲ್ಯವಾದ ನಿಮಿಷಗಳೂ ಹೋಗುತ್ತವೆ.

ಮಾಡಬೇಕಾದದ್ದು ಹೀಗೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಭುಜ ತಟ್ಟಿ ಕರೆಯಿರಿ, ಎದೆ ಏಳುತ್ತಿದೆಯೇ ನೋಡಿ. ಒಬ್ಬರು 112ಕ್ಕೆ ಕರೆ ಮಾಡಲಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗಿಡಿ. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ವಾಲಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಉಸಿರು ಕೊಡಿ. ಹೃದಯಾಘಾತಕ್ಕೆ ಎದೆ ಒತ್ತುವುದರಿಂದ ಶುರು ಮಾಡುತ್ತಾರೆ, ಮುಳುಗಿದವರಿಗೆ ಉಸಿರಿನಿಂದ. ಕೊರತೆ ಇರುವುದೇ ಗಾಳಿಯದು. ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಮತ್ತೆ 2 ಉಸಿರು. ದೊಡ್ಡವರಿಗೆ ಎದೆ 5 ಸೆಂಟಿಮೀಟರ್‌ನಷ್ಟು ತಗ್ಗಬೇಕು. ಬಾಯಲ್ಲಿ ನೊರೆ ಬಂದರೆ ಒರೆಸುತ್ತ ಕೂರಬೇಡಿ, ಮುಂದುವರಿಸಿ. ಸಹಾಯ ಬರುವವರೆಗೆ ಅಥವಾ ಉಸಿರು ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಒಯ್ಯಲೇಬೇಕು, ಶ್ವಾಸಕೋಶದ ತೊಂದರೆ ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳಬಹುದು.

ಹಾಗೆಂದು ‘ಈಜಿ ಬಂದ ಮಗು ಮೂರು ದಿನ ಬಿಟ್ಟು ಮಲಗಿದ್ದಲ್ಲೇ ಸತ್ತಿತು, ಇದು ಡ್ರೈ ಡ್ರೌನಿಂಗ್’ ಎಂಬ ಮೆಸೇಜ್‌ಗೆ ಹೆದರಬೇಡಿ. ವೈದ್ಯರು ಆ ಪದವನ್ನು ಬಳಸುವುದನ್ನೇ ಬಿಟ್ಟಿದ್ದಾರೆ. ನೀರು ಕುಡಿದು ಕೆಮ್ಮಿ ಸುಧಾರಿಸಿಕೊಂಡ, ಆಮೇಲೆ ಆಡುತ್ತ ಉಣ್ಣುತ್ತ ಇರುವ ಮಗು ದಿನಗಳ ನಂತರ ಇದ್ದಕ್ಕಿದ್ದಂತೆ ಹೀಗೆ ಸಾಯುವುದಿಲ್ಲ. ಕೆಮ್ಮು ನಿಲ್ಲದಿದ್ದರೆ, ಏದುಸಿರು ಇದ್ದರೆ, ಮಂಕಾದರೆ ಅಂದೇ ವೈದ್ಯರ ಬಳಿ ಹೋಗಿ.

ಸಣ್ಣಪುಟ್ಟವು

ಊಟ ಮಾಡಿ ಅರ್ಧ ಗಂಟೆ ಈಜಬಾರದು, ಸ್ನಾಯು ಸೆಳೆದು ಮುಳುಗುತ್ತೀರಿ ಎಂಬುದಕ್ಕೆ ಆಧಾರವಿಲ್ಲ. ಅಮೆರಿಕನ್ ರೆಡ್ ಕ್ರಾಸ್‌ನ ವೈಜ್ಞಾನಿಕ ಸಲಹಾ ಮಂಡಳಿ 2011ರಲ್ಲೇ ಇದನ್ನು ಪರಿಶೀಲಿಸಿ ತಳ್ಳಿಹಾಕಿತು. ಆದರೂ ಹಲಗೆಯ ಮೇಲೆ ಹೊಟ್ಟೆ ಊರಿ ಮಲಗಬೇಕಾದ್ದರಿಂದ ನೀರುದೋಸೆ, ಕೋಳಿ ಸುಕ್ಕ ಪಾಠ ಮುಗಿದ ಮೇಲೆ ಇರಲಿ. ನಿಜವಾಗಿ ದೂರವಿಡಬೇಕಾದದ್ದು ಮದ್ಯ.

ಅಂಬಲಿ ಮೀನು ಕುಟುಕಿದರೆ ಮೂತ್ರ ಹೊಯ್ಯಿರಿ ಎಂಬುದು ಸುಳ್ಳು. ಕುಡಿಯುವ ನೀರು ಸುರಿದರೂ ಉಳಿದ ವಿಷದ ಕೋಶಗಳು ಸಿಡಿಯಬಹುದು. ಕಡಲ ನೀರಲ್ಲೇ ತೊಳೆದು, ಅಂಟಿದ ಎಳೆಗಳನ್ನು ಬರಿಗೈಯಲ್ಲಿ ಮುಟ್ಟದೆ ತೆಗೆದು, ಸಹಿಸುವಷ್ಟು ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿ. ಮರಳಿನಿಂದ ಉಜ್ಜಬೇಡಿ. ಉಸಿರಾಟ ಕಷ್ಟವಾದರೆ ಆಸ್ಪತ್ರೆ.

ಕಪ್ಪು ಚರ್ಮಕ್ಕೆ ಬಿಸಿಲು ತಾಗುವುದಿಲ್ಲ ಎನ್ನುವವರು ಎರಡು ಗಂಟೆ ಹಲಗೆಯ ಮೇಲೆ ಕೂತು ನೋಡಲಿ.

ತಲುಪಿದಾಗ ಕೆಂಪು ಬಾವುಟ ಹಾರುತ್ತಿದ್ದರೆ

ಇಷ್ಟು ದೂರ ಬಂದಿದ್ದೇವೆ, ಮಕ್ಕಳು ಅಳುತ್ತಿದ್ದಾರೆ, ಮುಂಗಡ ಕೊಟ್ಟಿದ್ದೇವೆ. ತಪ್ಪು ನಿರ್ಧಾರಗಳು ಆಗುವುದು ಈ ಹೊತ್ತಿನಲ್ಲೇ. ಅದಕ್ಕೆ ಮನೆಯಿಂದ ಹೊರಡುವಾಗಲೇ ಎರಡನೇ ಯೋಜನೆಯನ್ನು ಮಕ್ಕಳಿಗೂ ಹೇಳಿ ಇಟ್ಟುಕೊಳ್ಳಿ. ಅಲೆ ಜಾಸ್ತಿ ಇದ್ದು ಹೊಳೆ ಶಾಂತವಾಗಿದ್ದರೆ, ಕಲಿಸುವವರು ಒಪ್ಪಿದರೆ, ಶಾಂಭವಿಯ ಹಿನ್ನೀರಿನಲ್ಲಿ ಲೈಫ್ ಜಾಕೆಟ್ ಹಾಕಿ ಕಯಾಕ್ ಅಥವಾ ನಿಂತು ಹುಟ್ಟು ಹಾಕುವ ಹಲಗೆ ಸಿಗಬಹುದು. ಅದೂ ಇಲ್ಲವೆಂದರೆ ಮಂಗಳೂರಿಗೆ ವಾಪಸಾಗಿ ವಾಮಂಜೂರು ದಾರಿಯಲ್ಲಿ ಪಿಲಿಕುಳ ಇದೆ. ಮೃಗಾಲಯ, ತಾರಾಲಯ ನೋಡಲು ಮಧ್ಯಾಹ್ನವೆಲ್ಲ ಬೇಕು. ಹೊರಡುವ ಮುನ್ನ ಸೋಮವಾರ ಅಲ್ಲವೇ ಎಂದು ನೋಡಿಕೊಳ್ಳಿ, ವಾರದ ರಜೆ ಇರುತ್ತದೆ. ಸಂಜೆ ತಡವಾಗದಂತೆ ಹೊರಟರೆ ಕತ್ತಲಾಗುವ ಮೊದಲು ಉಪ್ಪಿನಂಗಡಿ ದಾಟಬಹುದು.